ಜಪಾನಿನ ಪಕ್ಕವಾದ್ಯ

ಸಂಗೀತ ಬಾರದ ಗಂಡಸು ಸಂಗೀತಗಾರರ ಮನೆಯ ಹೆಣ್ಣನ್ನು ಮದುವೆಯಾಗಬಾರದು. ಈ ಮಾತನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಅದು ಬೇರೆ ವಿಷಯ. ಆದರೆ ಹೇಳುವುದು ಹಿರಿಯರ ಕರ್ತವ್ಯವಾಗಿತ್ತು. ಹೆಣ್ಣು ನೋಡಲು ಹೋದ ದಿನವೇ ನನ್ನ ಬಂಡವಾಳ ಬಯಲಾಯಿತು. ಕಮಲ ಚಾಪೆಯ ಮೇಲೆ ಕೂತು, ತಂಬೂರಿ ಮೀಟಿಕೊಂಡು ಒಂದು ಕೀರ್ತನೆ ಹಾಡಿದಳು. ಪಕ್ಕದಲ್ಲಿ ಅವಳ ತಂದೆ ಪಿಟೀಲು ನುಡಿಸಿದರು. ಮುಗಿದ ಮೇಲೆ ಎಲ್ಲರೂ ನನ್ನ ಮುಖ ನೋಡಿದರು. ಏನಾದರೂ ಹೇಳಬೇಕಲ್ಲ ಎಂದು "ಬಹಳ ಚೆನ್ನಾಗಿತ್ತು" ಎಂದೆ. "ಯಾವ ರಾಗ ಅಂತ ತಿಳೀತೇ?" ಎಂದು ಅವಳ ತಂದೆ ಮೆಲ್ಲಗೆ ಕೇಳಿದರು. ನಾನು ಉಪ್ಪಿಟ್ಟಿನ ತಟ್ಟೆಯನ್ನೇ ನೋಡುತ್ತಾ "ಎಲ್ಲಾ ರಾಗಗಳೂ ಚೆನ್ನಾಗಿದ್ದವು" ಎಂದುಬಿಟ್ಟೆ. ಅವರು ಕಣ್ಣು ಮುಚ್ಚಿಕೊಂಡರು. ಆದರೂ ಹೆಣ್ಣು ಕೊಟ್ಟರು. ದಂಡಿನ, ಅಂದರೆ ಕಂಟೋನ್ಮೆಂಟಿನ, ಕಚೇರಿಯಲ್ಲಿ ಕಾಯಂ ಕೆಲಸವಿದ್ದ ವರನಿಗೆ ಆ ಕಾಲದಲ್ಲಿ ಕಿವಿ ಇಲ್ಲದಿದ್ದರೂ ನಡೆಯುತ್ತಿತ್ತು.

ಅತ್ತೆ ತೀರಿಕೊಂಡ ಮೇಲೆ ಮಾವನವರು ಪೇಟೆಯ ಮನೆ ಬಿಟ್ಟು, ಹಲಸೂರಿನಲ್ಲಿ ಸೋಮೇಶ್ವರನ ಗುಡಿಯ ಹಿಂದಿನ ಬೀದಿಯಲ್ಲಿದ್ದ ನಮ್ಮ ಮನೆಗೆ ಬಂದರು. ಅಂದಿನಿಂದ ನನಗೆ ಬಚ್ಚಲಮನೆಯಲ್ಲಿ ಗುನುಗುವ ಸ್ವಾತಂತ್ರ್ಯವೂ ಹೋಯಿತು. ಅವರು ಬೈಯುತ್ತಿರಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ನಾನು ಬಿಸಿನೀರು ಹುಯ್ದುಕೊಳ್ಳುತ್ತಾ ಒಂದು ಸ್ವರ ಎತ್ತಿದರೆ ಸಾಕು, ಹೊರಗೆ ಕೂತಿದ್ದ ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಎರಡೂ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಆಷಾಢದ ಗಾಳಿಗೆ ಸುತ್ತಿಕೊಂಡಿದ್ದಾರೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಚೈತ್ರದಲ್ಲೂ ಸುತ್ತಿಕೊಂಡಾಗ ಕಮಲ ಬಾಯಿಬಿಟ್ಟು ಹೇಳಿದಳು.

ಮಾವನವರು ಪಕ್ಕವಾದ್ಯದವರು. ಅಂದರೆ ಹಾಡುವವರು ನಡುವೆ ಕೂತರೆ, ಅವರ ಎಡಕ್ಕೆ, ಗೇಣುದ್ದ ಹಿಂದೆ ಕೂತು ಪಿಟೀಲು ನುಡಿಸುವವರು. ಹಾಡುವವರು ಒಂದು ಎಳೆ ಎಳೆದರೆ ಅದರ ಬೆನ್ನಿಗೇ, ಕೂದಲೆಳೆಯಷ್ಟು ತಡವಾಗಿ, ಅದನ್ನೇ ತಂತಿಯ ಮೇಲೆ ಎಳೆಯಬೇಕು. ಮುಂದೆ ಹೋದರೆ ಅಹಂಕಾರ, ತೀರಾ ಹಿಂದೆ ಬಿದ್ದರೆ ಅಜ್ಞಾನ. ಹಾಡುವವರು ತಪ್ಪಿದರೆ ಕೇಳುವವರಿಗೆ ತಿಳಿಯದ ಹಾಗೆ ಮುಚ್ಚಬೇಕು. ಒಂದು ಜನ್ಮವೆಲ್ಲ ಹೀಗೆ ಬೇರೆಯವರ ಬೆನ್ನು ಹಿಡಿದು ನಡೆದು, ಮಾವನವರ ನಡತೆಯೇ ಹಾಗಾಗಿಬಿಟ್ಟಿತ್ತು. ರಸ್ತೆಯಲ್ಲಿ ಜೊತೆಗೆ ಬಂದರೆ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ. ಊಟಕ್ಕೆ ಕೂತರೆ ಎಲ್ಲರೂ ಕಲಸಿಕೊಂಡ ಮೇಲೆ ಅವರು ಕೈ ಹಾಕುವುದು. ಮಾತೂ ಹಾಗೇ. "ಇವತ್ತು ಚಳಿ ಜಾಸ್ತಿ ಮಾವ" ಎಂದರೆ "ಚಳಿ ಜಾಸ್ತಿ, ಜಾಸ್ತಿ" ಎನ್ನುವರು. ಎಷ್ಟೋ ಸಲ ನನಗೆ ಬಾವಿಯೊಳಕ್ಕೆ ಬಗ್ಗಿ ಮಾತಾಡಿದಂತೆ ಆಗುತ್ತಿತ್ತು.

ಅವರು ಹೆಚ್ಚಾಗಿ ನುಡಿಸಿದ್ದು ಒಬ್ಬರಿಗೇ, ನಂಜುಂಡ ಭಾಗವತರಿಗೆ. ಭಾರಿ ಆಳು, ಭಾರಿ ಕಂಠ, ಭಾರಿ ಹೊಟ್ಟೆ. ಹಾಡಲು ಶುರುಮಾಡುವ ಮುಂಚೆ ಎರಡು ಸಲ "ಹ್ಹುಂ... ಹ್ಹುಂ" ಎಂದು ಗಂಟಲು ಸರಿಮಾಡಿಕೊಳ್ಳುವುದು ಅವರ ಅಭ್ಯಾಸ. ಮೊದಲನೆಯದು ಗಟ್ಟಿಯಾಗಿ, ಎರಡನೆಯದು ಮೆತ್ತಗೆ. ಅದು ಕೇಳಿದ ಕೂಡಲೇ ಮಾವನವರ ಕಮಾನು ತಾನಾಗಿ ತಂತಿಯ ಮೇಲೆ ಬರುತ್ತಿತ್ತಂತೆ. ಮಾವನವರಿಲ್ಲದೆ ಭಾಗವತರು ಎಲ್ಲಿಗೂ ಹೋಗುತ್ತಿರಲಿಲ್ಲ. ಒಮ್ಮೆ ದಂಡಿನ ಸ್ಟೇಷನ್ನಿನಲ್ಲಿ ರೈಲು ಕೂಗಿದೆ, ಮಾವನವರ ಜಟಕಾ ಇನ್ನೂ ಬಂದಿಲ್ಲ. ಭಾಗವತರು ಚಲಿಸುತ್ತಿದ್ದ ಗಾಡಿಯಿಂದ ಹಾಸಿಗೆ ಸುರುಳಿ, ತಂಬೂರಿ, ಚೊಂಬು ಎಲ್ಲವನ್ನೂ ಎಸೆದು ತಾವೂ ಇಳಿದುಬಿಟ್ಟರಂತೆ. ಮಾವನವರು ಓಡಿಬಂದಾಗ ಪ್ಲಾಟ್‌ಫಾರಂನಲ್ಲಿ ಹಾಸಿಗೆ ಸುರುಳಿಯ ಮೇಲೆ ಕೂತು, "ಎಷ್ಟು ಹೊತ್ತಾದರೂ ಕಾಯ್ತೀನಿ ಕಣೋ ಸುಬ್ಬೂ, ನಿನ್ನ ಬಿಟ್ಟು ಎಲ್ಲಿಗೂ ಹೋಗಲ್ಲ" ಎಂದರಂತೆ. ಅಂಥವರು ಕೊನೆಗೆ ಒಬ್ಬರೇ ಹೊರಟುಹೋದರು. ಮಾವನವರಿಗೆ ಜ್ವರ ಬಂದು ಮಲಗಿದ್ದಾಗ ಅವರು ತೀರಿಕೊಂಡರು. ಜ್ವರ ಬಿಟ್ಟ ಮೇಲೆ ಮಾವನವರು ಪಿಟೀಲಿನ ತಂತಿಗಳನ್ನು ಸಡಿಲಿಸಿ, ಪೆಟ್ಟಿಗೆಯಲ್ಲಿಟ್ಟು, ಬೀರುವಿನ ಮೇಲೆ ಏರಿಸಿದರು. ಬೇರೆ ಹಾಡುಗಾರರು ಬಂದು ಕರೆದರು. "ನನಗೆ ಹಿಂದೆ ಹೋಗೋದು ಮಾತ್ರ ಗೊತ್ತು. ಹೋಗೋಕೆ ಯಾರೂ ಇಲ್ಲ" ಎಂದು ಕಳಿಸಿಬಿಟ್ಟರು. ಆಮೇಲೆ ಅವರು ಜಗುಲಿಯ ಮೇಲೆ ಸುಮ್ಮನೆ ಕೂತಿರುವುದನ್ನು ನೋಡಿದರೆ ನನಗೇ ಸಂಕಟವಾಗುತ್ತಿತ್ತು. ಕಮಲನಿಗೆ ಹೇಗಾಗುತ್ತಿತ್ತೋ.

ಇಂಥ ಮನೆಗೆ ನಾನು ಜಪಾನನ್ನು ತಂದೆ.

ಅದು ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲ. ದಂಡೆಲ್ಲ ಗಂಟುಮೂಟೆ ಕಟ್ಟುತ್ತಿತ್ತು. ಬಂಗಲೆ ಬಂಗಲೆಯ ಮುಂದೆಯೂ ದೊರೆಗಳ ಪೆಟ್ಟಿಗೆ, ದೊರೆಸಾನಿಯರ ಕುರ್ಚಿ, ನಾಯಿಯ ತೊಟ್ಟಿಲು. ದಿನಕ್ಕೊಂದು ಹರಾಜು. ಅಂಥ ಒಂದು ಹರಾಜಿನಲ್ಲಿ ನಾನೂ ಕೈ ಎತ್ತಿ ಒಂದು ಗ್ರಾಮಫೋನು ತಂದಿದ್ದೆ. ಮಾವನವರ ಮುಖದಲ್ಲಿ ಒಂದಿಷ್ಟು ಕಳೆ ಬರಲಿ ಎಂಬ ಆಸೆ. ಅವರು ಅದರ ಪ್ಲೇಟುಗಳನ್ನು ಒಂದೊಂದೇ ಕೇಳಿ, "ಪೆಟ್ಟಿಗೆಯೊಳಗೆ ಕೂತು ಹಾಡ್ತಾರೆ. ಪಾಪ, ಉಸಿರು ಕಟ್ಟತ್ತೆ" ಎಂದು ಎದ್ದುಹೋಗಿದ್ದರು.

ಆಗ ನನ್ನ ಸ್ನೇಹಿತ ರಹಮತ್ ಊರಿಗೆ ಬಂದ. ಇವನು ಈಗ ಶಿವಾಜಿನಗರ ಎನ್ನುವ, ಆಗ ಬ್ಲಾಕ್‌ಪಳ್ಳಿ ಎನ್ನುತ್ತಿದ್ದ ಕಡೆಯವನು. ಪಟಾಲಮ್ಮಿನ ಉಗ್ರಾಣದಲ್ಲಿ ಗುಮಾಸ್ತ. ಯುದ್ಧ ಸೋತ ಜಪಾನಿನಲ್ಲಿ ಕಾವಲಿಗೆ ಹೋಗಿದ್ದ ನಮ್ಮ ದಂಡಿನ ಜೊತೆ ಇವನೂ ಹೋಗಿದ್ದ. ಹೊರಡುವಾಗ ನನಗೊಂದು ಜಪಾನಿ ಕೈಗಡಿಯಾರ ತಾ ಎಂದು ಹೇಳಿ ಕಳಿಸಿದ್ದೆ. ಬಂದವನು ಊರಿಗೆಲ್ಲ ಗಡಿಯಾರ, ರೇಷ್ಮೆ, ಬೀಸಣಿಗೆ ಹಂಚಿ, ನನ್ನ ಕೈಗೆ ಮಾತ್ರ ಒಂದು ಭಾರವಾದ ರಟ್ಟಿನ ಪೆಟ್ಟಿಗೆ ಇಟ್ಟ. ಮೇಲೆ ಕಡ್ಡಿ ಜೋಡಿಸಿ ಗುಡಿಸಲು ಕಟ್ಟಿದಂಥ ಅಕ್ಷರಗಳು. ಒಳಗೆ ನಾಲ್ಕು ಕರಿ ಪ್ಲೇಟು.

"ಇದೇನೋ?"

"ಪಿಟೀಲು, ಸ್ವಾಮಿ! ನಿಮ್ಮ ಮಾವನೋರಿಗೆ. ಗಡಿಯಾರ ಯಾರು ಬೇಕಾದ್ರೂ ಕೊಡ್ತಾರೆ, ಇದು ಯಾರು ಕೊಡ್ತಾರೆ ಹೇಳಿ?"

ಅದು ಸಿಕ್ಕಿದ ಬಗೆಯನ್ನೂ ಹೇಳಿದ. ಸುಟ್ಟು ಬೂದಿಯಾಗಿದ್ದ ಒಂದು ಊರಿನಲ್ಲಿ, ಉಳಿದಿದ್ದ ಒಂದು ಮನೆಯ ಮುದುಕಿ ಹಾಲಿನ ಡಬ್ಬಿ ಕೇಳಿಕೊಂಡು ಬಂದಳಂತೆ. ಇವನು ಕೊಟ್ಟ. ಬಿಟ್ಟಿ ತೆಗೆದುಕೊಳ್ಳಲು ಒಪ್ಪದೆ ಈ ಪೆಟ್ಟಿಗೆ ತಂದು ಕೊಟ್ಟಳು. ಕೊಟ್ಟ ಮೇಲೆ ಪೆಟ್ಟಿಗೆಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು. "ನನಗಲ್ಲ ಸ್ವಾಮಿ, ಪೆಟ್ಟಿಗೆಗೆ! ಖುದಾ ಕಸಮ್, ನನಗೆ ಮೈ ಝುಂ ಅಂತು" ಎಂದ ರಹಮತ್. ದುಭಾಷಿಯನ್ನು ಕೇಳಿದ್ದಕ್ಕೆ, ಇದಕ್ಕೆ ಕನ್ಸರ್ಟೋ ಅಂತಾರೆ, ಈಚೆಗೆ ಬರೆದದ್ದು, ಬರೆದವನು ಇನ್ನೂ ಬದುಕಿದ್ದಾನೆ ಎಂದನಂತೆ.

ಮಾವನವರು ಜಗುಲಿಯಿಂದಲೇ ಕೇಳಿಸಿಕೊಳ್ಳುತ್ತಿದ್ದರು. "ಬದುಕಿದ್ದಾನೆಯೇ?" ಎಂದು ಆಶ್ಚರ್ಯಪಟ್ಟರು. ಅವರ ಲೆಕ್ಕದಲ್ಲಿ ಕೃತಿ ಬರೆದವರೆಲ್ಲ ಕಾಲವಾಗಿರಬೇಕು. ಬದುಕಿರುವವನು ಬರೆದದ್ದು ಇನ್ನೂ ಹಸಿ.

"ಹೆಂಗಿರತ್ತೆ ಅಂದ್ರೆ ಮಾವನೋರೆ," ಎಂದು ರಹಮತ್ ವಿವರಿಸಿದ, "ಪಿಟೀಲು ಒಂದೇ ಮುಂದೆ. ಅದರ ಹಿಂದೆ ಐವತ್ತು ಜನದ ಪಟಾಲಮ್ಮು."

"ಪಿಟೀಲು ಮುಂದೆ?" ಮಾವನವರು ಎದ್ದು ಒಳಗೆ ಬಂದರು. "ಯಾರ ಮುಂದೆ?"

"ಎಲ್ಲರ ಮುಂದೆ."

"ಹಾಗಾದರೆ ಪಿಟೀಲಿನ ಮುಂದೆ ಯಾರು?"

"ಯಾರೂ ಇಲ್ಲ."

ಮಾವನವರು ಅವನನ್ನು ಕನಿಕರದಿಂದ ನೋಡಿದರು. ಸುಣ್ಣ ಬಳಿದಾಗಿದೆ, ಗೋಡೆ ಮಾತ್ರ ಇಲ್ಲ ಎಂದವನನ್ನು ನೀವು ಹೇಗೆ ನೋಡುತ್ತೀರೋ ಹಾಗೆ.

ಆ ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊದಲ ಸಲ ಕೇಳಿದೆವು. ಯುದ್ಧದ ದೆಸೆಯಿಂದ ಗ್ರಾಮಫೋನಿನ ಉಕ್ಕಿನ ಮುಳ್ಳು ಇನ್ನೂ ಎಲ್ಲೂ ಸಿಗುತ್ತಿರಲಿಲ್ಲ. ಹಲಸೂರು ಕೆರೆ ಏರಿಯ ಮೇಲಿನ ಜಾಲಿಯ ಮುಳ್ಳನ್ನೇ ಒಣಗಿಸಿ ಕತ್ತರಿಸಿ ಸಿಕ್ಕಿಸುತ್ತಿದ್ದೆವು. ಅದರಿಂದ ನಾದ ಒಂದು ಥರ ದೂರದಿಂದ, ಕಂಬಳಿ ಹೊದ್ದುಕೊಂಡು ಬಂದಂತೆ ಬರುತ್ತಿತ್ತು. ಮೊದಲು ಏನೋ ಗುಂಯ್‌ಗುಟ್ಟಿತು. ಪರೇಡ್ ಮೈದಾನದ ಬ್ಯಾಂಡಿನ ಹಾಗೆ ಡೋಲು ತುತ್ತೂರಿ ಬರುತ್ತದೆ ಎಂದುಕೊಂಡಿದ್ದೆ; ಇದು ಹಾಗಲ್ಲ, ನೆಲದ ಕೆಳಗೆ ಬಹಳ ಜನ ಒಟ್ಟಿಗೆ ಉಸಿರಾಡಿದ ಹಾಗಿತ್ತು. ಆಮೇಲೆ ಅದು ಇದ್ದಕ್ಕಿದ್ದಂತೆ ನಿಂತಿತು. ಒಂದು ಪಿಟೀಲು, ಒಂದೇ ಒಂದು, ಸಣ್ಣಗೆ ಎದ್ದಿತು. ಕಮಲ ದೀಪದ ಬತ್ತಿ ಸರಿಮಾಡುತ್ತಿದ್ದವಳು ಹಾಗೇ ಕೈ ನಿಲ್ಲಿಸಿದಳು.

ಮಾವನವರು ರಾಗ ಹುಡುಕತೊಡಗಿದರು. "ಮೋಹನ... ಅಲ್ಲ. ಸಾವೇರಿ... ಅಲ್ಲಲ್ಲ. ಭೂಪಾಳ! ಇದೇನು ಸಂಜೆ ಹೊತ್ತು ಭೂಪಾಳ ನುಡಿಸ್ತಾನೆ? ಬೆಳಗಿನ ರಾಗ! ಊಹೂಂ, ಅದೂ ಅಲ್ಲ. ಬಾಗಿಲವರೆಗೂ ಬರ್ತಾನೆ, ಒಳಗೆ ಬರಲ್ಲ." ಎರಡನೆಯ ಪ್ಲೇಟಿನ ಹೊತ್ತಿಗೆ ಅವರು ಮಾತು ನಿಲ್ಲಿಸಿದರು. ಪಿಟೀಲು ಒಂದು ಎಳೆ ಎಳೆದು ನಿಲ್ಲುತ್ತಿತ್ತು. ನಿಂತ ಜಾಗದಲ್ಲಿ ಏನೂ ಇಲ್ಲ; ಮುಳ್ಳಿನ ಸರಸರ ಮಾತ್ರ. ಮತ್ತೆ ಒಂದು ಎಳೆ, ಮತ್ತೆ ನಿಲ್ಲುವುದು. ಮಾವನವರು ಮುಂದಕ್ಕೆ ಬಗ್ಗಿ, ಕಿವಿಗೆ ಅಂಗೈ ಒಡ್ಡಿ ಕೂತರು.

"ಇದು ಪಕ್ಕವಾದ್ಯ" ಎಂದರು ಕೊನೆಗೆ.

"ಏನಂದಿರಿ ಮಾವ?"

"ಇವನು ಯಾರದೋ ಹಿಂದೆ ಹೋಗ್ತಿದಾನೆ, ಅಳಿಯಂದಿರೇ. ನಲವತ್ತು ವರ್ಷ ಮಾಡಿದ ಕೆಲಸ, ನನಗೆ ತಿಳಿಯದೆ? ನೋಡಿ, ಇಲ್ಲಿ ನಿಲ್ಲಿಸಿದ, ಅವರು ಹಾಡ್ತಾ ಇದಾರೆ... ಈಗ ಇವನು ಎತ್ಕೊಂಡ. ಹಾಡೋರು ಇದಾರೆ. ನಮಗೆ ಕೇಳಿಸ್ತಿಲ್ಲ, ಅಷ್ಟೆ."

ನಾನು ನಗಲು ಹೋದೆ. ನಗು ಬರಲಿಲ್ಲ. ಏಕೆಂದರೆ ಅವರು ಹೇಳಿದ ಮೇಲೆ ನನ್ನಂಥ ಕಿವುಡನಿಗೂ ಹಾಗೇ ಕೇಳಿಸತೊಡಗಿತು. ಆ ಖಾಲಿ ಜಾಗಗಳು ಖಾಲಿ ಇರಲಿಲ್ಲ. ಯಾರೋ ಬಾಯಿ ತೆರೆದಿದ್ದಾರೆ, ದನಿ ಮಾತ್ರ ಇತ್ತ ತಲುಪುತ್ತಿಲ್ಲ ಎನ್ನುವ ಹಾಗಿತ್ತು.

ಮೂರನೆಯ ಪ್ಲೇಟಿನ ಮೊದಲಲ್ಲಿ, ಪಿಟೀಲು ಶುರುವಾಗುವ ಮುಂಚೆ, ಪೆಟ್ಟಿಗೆಯೊಳಗಿನಿಂದ ಒಂದು ಸದ್ದು ಬಂತು. "ಹ್ಹುಂ... ಹ್ಹುಂ." ಮೊದಲನೆಯದು ಗಟ್ಟಿಯಾಗಿ, ಎರಡನೆಯದು ಮೆತ್ತಗೆ.

"ನಂಜಣ್ಣ" ಎಂದರು ಮಾವನವರು.

ಆ ಐವತ್ತು ಜನರಲ್ಲಿ ಯಾರೋ ಒಬ್ಬ ಜಪಾನಿನವನಿಗೆ ಅವತ್ತು ನೆಗಡಿಯಾಗಿತ್ತು, ಅವನು ಕೆಮ್ಮಿದ್ದೂ ರೆಕಾರ್ಡಿನೊಳಗೆ ಸೇರಿಕೊಂಡಿದೆ ಎಂದು ನಾನು ಬಹಳ ಚೆನ್ನಾಗಿ ವಿವರಿಸಿದೆ. ವಿವರಿಸುತ್ತಾ ಕಮಲನ ಪಕ್ಕಕ್ಕೆ ಸರಿದು ಕೂತಿದ್ದೆ, ಅದೊಂದು ಬಿಟ್ಟರೆ ವಿವರಣೆಯಲ್ಲಿ ಏನೂ ದೋಷವಿರಲಿಲ್ಲ. ಮಾವನವರು ಕೇಳಿಸಿಕೊಳ್ಳಲೇ ಇಲ್ಲ. ಅಳುತ್ತಿದ್ದರು, ನಗುತ್ತಲೂ ಇದ್ದರು.

ಮಾರನೆಯ ಸಂಜೆ ನಾನು ಕಚೇರಿಯಿಂದ ಬಂದು ಎಂದಿನಂತೆ ನಡುಮನೆಯ ಚಾಪೆಯ ಮೇಲೆ ಕೂರಲು ಹೋದರೆ ಮಾವನವರು ಗಾಬರಿಯಾಗಿ ಕೈ ಅಡ್ಡ ಹಿಡಿದರು. ಗ್ರಾಮಫೋನಿನ ಮುಂದೆ ಒಂದು ಚಾಪೆ ಹಾಸಿತ್ತು. ಅದರ ಬಲಗಡೆ ಒಂದು ಲೋಟದಲ್ಲಿ ಮೆಣಸಿನ ಹಾಲು, ಭಾಗವತರು ಸಂಗೀತ ಕಚೇರಿಯಲ್ಲಿ ಕುಡಿಯುತ್ತಿದ್ದಂಥದು. ಚಾಪೆಯ ಎಡಕ್ಕೆ, ಗೇಣುದ್ದ ಹಿಂದೆ, ಮಾವನವರು ಕೂತಿದ್ದರು. ಅಂದಿನಿಂದ ನಮ್ಮ ನಡುಮನೆಯ ನಡುವೆ ಒಂದು ಆಳಿನಷ್ಟು ಜಾಗ ನಮ್ಮದಲ್ಲ ಎಂದಾಯಿತು. ಮನೆಯೋ ರೈಲು ಡಬ್ಬಿಯ ಹಾಗೆ ಇತ್ತು. ಅಡುಗೆಮನೆಗೆ ಹೋಗಬೇಕಾದರೆ ಗೋಡೆಗೆ ಬೆನ್ನು ಒತ್ತಿಕೊಂಡು, ಹೊಟ್ಟೆ ಒಳಗೆ ಎಳೆದುಕೊಂಡು ದಾಟಬೇಕು. ಒಮ್ಮೆ ನನ್ನ ಪಂಚೆಯ ತುದಿ ಚಾಪೆಗೆ ತಾಗಿದಾಗ "ಕ್ಷಮಿಸಿ" ಎಂದುಬಿಟ್ಟೆ. ಯಾರಿಗೆ ಎಂದು ಕಮಲ ಕೇಳಲಿಲ್ಲ.

ಪಕ್ಕದ ಮನೆಯ ಪೊನ್ನಮ್ಮ ಗೋಡೆಯ ಮೇಲಿಂದ ಇಣುಕಿ, "ಯಾರು ಮಾ ನಿಮ್ಮನೇಲಿ ದಿನಾ ಸಂಜೆ ಅಳೋದು?" ಎಂದು ಕೇಳಿದಳು. ಪಿಟೀಲು ಎಂದರೆ ನಂಬಲಿಲ್ಲ. ನಾನು ಹೆಂಡತಿಗೆ ಹೊಡೆಯುತ್ತೇನೆ ಎಂದು ಜೋಗುಪಾಳ್ಯದವರೆಗೂ ಸುದ್ದಿಯಾಯಿತು. ನನ್ನ ಮೈಕಟ್ಟು ನೋಡಿದವರು ಯಾರೂ ಅಂಥ ಅಪವಾದ ಹೊರಿಸಲಾರರು. ಪೊನ್ನಮ್ಮನ ಬೆಕ್ಕು ಮಾತ್ರ ನಿಜ ಸ್ಥಿತಿ ಅರಿತಂತಿತ್ತು. ಹಾಲೆಂದರೆ ಪ್ರಾಣ ಬಿಡುವ ಬೆಕ್ಕು ಅದು. ಒಂದು ಸಂಜೆ ಹೊಸಲಿಗೆ ಬಂದು, ಮೆಣಸಿನ ಹಾಲಿನ ಲೋಟ ನೋಡಿತು; ಆಮೇಲೆ ಲೋಟದ ಪಕ್ಕದ ಖಾಲಿ ಜಾಗವನ್ನು, ಕೂತ ಮನುಷ್ಯನ ಮುಖ ಎಷ್ಟು ಎತ್ತರಕ್ಕಿರುತ್ತದೋ ಅಷ್ಟು ಎತ್ತರಕ್ಕೆ ಕತ್ತೆತ್ತಿ ನೋಡಿತು. ನೋಡಿ, ಬೆನ್ನು ತಿರುಗಿಸದೆ, ಹಿಂದು ಹಿಂದಕ್ಕೇ ನಡೆದು ಹೋಯಿತು.

ಇನ್ನೊಂದು ವಿಷಯವನ್ನು ನಾನು ಆಗ ಯಾರಿಗೂ ಹೇಳಲಿಲ್ಲ. ಆ ಗಂಟಲು ಸರಿಮಾಡುವ ಸದ್ದು ಮೊದಲ ದಿನ ಮೂರನೆಯ ಪ್ಲೇಟಿನಲ್ಲಿತ್ತು. ಕೆಲವು ದಿನ ಕಳೆದ ಮೇಲೆ ಅದು ಎರಡನೆಯ ಪ್ಲೇಟಿನಲ್ಲಿ ಕೇಳಿಸಿತು. ಆಮೇಲೆ ಒಂದು ದಿನ ಮೊದಲನೆಯದರಲ್ಲಿ. ಪ್ಲೇಟು ಹಾಕುವವನು ನಾನೇ, ನಾನೇ ಎಲ್ಲೋ ಅದಲು ಬದಲು ಮಾಡಿರಬೇಕು. ಆ ಕಡ್ಡಿ ಅಕ್ಷರದಲ್ಲಿ ಯಾವುದು ಒಂದೋ ಯಾವುದು ಮೂರೋ! ಹೀಗೆ ಸಮಾಧಾನ ಹೇಳಿಕೊಂಡು, ಪ್ಲೇಟುಗಳ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ನೋಡಿದೆ. ನೋಡಬಾರದಿತ್ತು.

ರಹಮತ್‌ನನ್ನು ಕರೆದು, "ನಿನ್ನ ಸಾಮಾನು ನೀನೇ ತಗೊಂಡು ಹೋಗಪ್ಪ" ಎಂದೆ. ಅವನು ನನ್ನ ಹೆದರಿಕೆಗೆ ನಕ್ಕು, "ಕ್ಯಾ ಸ್ವಾಮಿ, ಇಷ್ಟು ಓದಿದೋರು!" ಎಂದು ಒಂದು ಸಂಜೆ ಬಂದು ಬಾಗಿಲ ಬಳಿ ಕೂತ. ಮಾವನವರು ಖಾಲಿ ಚಾಪೆಯ ಕಡೆ ತಿರುಗಿ "ಭಲೇ!" ಎಂದು ತಲೆದೂಗುವುದನ್ನು ನೋಡಿದ. ಲೋಟವನ್ನು ಯಾರಿಗೋ ಕೈಗೆಟಕುವಂತೆ ಸರಿಸುವುದನ್ನೂ ನೋಡಿದ. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಏನೋ ದುವಾ ಹೇಳಿಕೊಳ್ಳುತ್ತಾ ಎದ್ದು, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬೀದಿಯ ತಿರುವು ದಾಟಿದ. ಪೆಟ್ಟಿಗೆ ನಮ್ಮಲ್ಲೇ ಉಳಿಯಿತು.

ಒಂದು ಸಂಜೆ ಮಾವನವರು ಬೀರುವಿನ ಮೇಲಿಂದ ಪಿಟೀಲು ಇಳಿಸಿದರು. ಹೊಸ ತಂತಿ ಹಾಕಿ ಶ್ರುತಿ ಮಾಡುವ ಸದ್ದು ಕೇಳಿ ಕಮಲ ಸೌಟು ಹಿಡಿದುಕೊಂಡೇ ಓಡಿಬಂದು, ಕಣ್ಣೊರೆಸಿಕೊಂಡು, "ಅಪ್ಪ ಪಿಟೀಲು ಮುಟ್ಟಿದ್ರು ರೀ!" ಎಂದಳು. ನಮ್ಮ ಸಂತೋಷ ಹೆಚ್ಚು ಹೊತ್ತು ಇರಲಿಲ್ಲ. ಅಂದು ಅವರು ಗ್ರಾಮಫೋನು ಹಾಕಿ ಎನ್ನಲಿಲ್ಲ. ಆ ಜಪಾನಿನವನು ನುಡಿಸಿದ್ದನ್ನೇ, ಬಾಗಿಲಿಗೆ ಬಂದು ಒಳಗೆ ಬಾರದ ಆ ರಾಗವನ್ನೇ, ತಾವೇ ನುಡಿಸಿದರು. ನಿಲ್ಲಿಸಬೇಕಾದ ಕಡೆ ನಿಲ್ಲಿಸಿದರು. ಗ್ರಾಮಫೋನು ಇಲ್ಲ, ಮುಳ್ಳಿನ ಸರಸರವೂ ಇಲ್ಲ, ಮನೆ ತಣ್ಣಗೆ ನಿಶ್ಶಬ್ದವಾಗಿದೆ. ಅವರು ಖಾಲಿ ಚಾಪೆಯ ಕಡೆ ಕಿವಿಕೊಟ್ಟು, ತಲೆದೂಗಿ, ಆಮೇಲೆ ಕಮಾನು ಎತ್ತುತ್ತಿದ್ದರು. ಪಕ್ಕವಾದ್ಯಕ್ಕೆ ಈಗ ಪೆಟ್ಟಿಗೆಯ ಹಂಗೂ ತಪ್ಪಿತ್ತು.

ಊಟ ಕಡಿಮೆಯಾಯಿತು. ಮೈ ಇಳಿಯಿತು. ಧನುರ್ಮಾಸದ ಒಂದು ಬೆಳಿಗ್ಗೆ ನೋಡಿದರೆ ಮಾವನವರು ತಮ್ಮ ತಗಡಿನ ಟ್ರಂಕು ತೆಗೆದು ಸಾಮಾನು ಜೋಡಿಸುತ್ತಿದ್ದಾರೆ. ಮಡಿಸಿದ ಜರಿಪಂಚೆ, ವಿಭೂತಿ ಡಬ್ಬಿ, ಕಮಾನಿಗೆ ಹಚ್ಚುವ ರಾಳದ ಉಂಡೆ. ಊರೂರಿಗೆ ಕಚೇರಿಗೆ ಹೊರಡುವಾಗ ಜೋಡಿಸುತ್ತಿದ್ದ ಹಾಗೇ. ಊರಿನಲ್ಲಿ ಎಲ್ಲರೂ ಪೆಟ್ಟಿಗೆ ಕಟ್ಟುತ್ತಿದ್ದ ಕಾಲವಾದ್ದರಿಂದ ನನಗೆ ಮೊದಲು ವಿಶೇಷವೆನಿಸಲಿಲ್ಲ.

"ಎಲ್ಲಿಗೆ ಪ್ರಯಾಣ ಮಾವ?" ಎಂದೆ ನಗುತ್ತಾ.

"ಎಲ್ಲಿಗೆ ಅಂತ ಇನ್ನೂ ಹೇಳಿಲ್ಲ."

"ಯಾರು?"

ಅವರು ಚಾಪೆಯ ಕಡೆ ಗದ್ದ ತಿರುಗಿಸಿದರು. "ಶುಕ್ರವಾರ ಸಂಜೆ ಅಂದಿದಾನೆ. ಪಾಪ, ಸ್ಟೇಷನ್ನಿನಲ್ಲಿ ಬಹಳ ದಿನದಿಂದ ಕಾಯ್ತಾ ಇದಾನೆ."

ಅಡುಗೆಮನೆಗೆ ಹೋಗಿ ಕಮಲನಿಗೆ ಹೇಳಿದೆ. ಅವಳು ಒಲೆಯ ಮುಂದೆ ಕೂತು ಅತ್ತಳು. "ಅವರು ಅಪ್ಪನ್ನ ಕರ್ಕೊಂಡು ಹೋಗೋಕೆ ಬಂದಿದಾರೆ ರೀ. ನಂಗೆ ಅವತ್ತೇ ಗೊತ್ತಾಯ್ತು. ಅಪ್ಪನ್ನ ಬಿಟ್ಟು ಹೋಗೋ ಜನ ಅಲ್ಲ ಅವರು." ಡಾಕ್ಟರನ್ನು ಕರೆಯೋಣ ಎಂದೆ. "ಡಾಕ್ಟರು ಬಂದು ಚಾಪೆಯ ನಾಡಿ ನೋಡ್ತಾರಾ?" ಎಂದಳು. ಅಳುವಾಗಲೂ ಅವಳ ಬಾಯಿ ಸುಮ್ಮನಿರುವುದಿಲ್ಲ.

ಶುಕ್ರವಾರ ಬಂತು. ನಾನು ಕಚೇರಿಯಿಂದ ಅರ್ಧ ದಿನಕ್ಕೇ ಮನೆಗೆ ಬಂದೆ. ಟ್ರಂಕು ಬಾಗಿಲ ಪಕ್ಕದಲ್ಲಿತ್ತು. ಮಾವನವರು ಸ್ನಾನ ಮಾಡಿ, ಜರಿಪಂಚೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಪಿಟೀಲು ಹಿಡಿದು ತಮ್ಮ ಜಾಗದಲ್ಲಿ ಕೂತಿದ್ದರು. ಮುಖದಲ್ಲಿ ಎಂಥ ನೆಮ್ಮದಿ ಎಂದರೆ ನನಗೆ ಅದನ್ನು ನೋಡಲಾಗಲಿಲ್ಲ. ಹೊರಗೆ ಬೀದಿದೀಪ ಹತ್ತಿತು. ಸೋಮೇಶ್ವರನ ಗುಡಿಯಲ್ಲಿ ಗಂಟೆ ಬಾರಿಸಿತು. ಕಮಲ ನನ್ನನ್ನು ಅಡುಗೆಮನೆಯೊಳಕ್ಕೆ ಎಳೆದಳು.

"ನೀವು ಹೋಗಿ ಆ ಚಾಪೆ ಮೇಲೆ ಕೂತ್ಕೊಳ್ಳಿ."

"ನಾನಾ!"

"ಜಾಗ ಖಾಲಿ ಇದ್ರೆ ತಾನೇ ಅವರು ಕೂರೋದು?"

"ನೀನೇ ಕೂತ್ಕೋ. ನಿಂಗೆ ಹಾಡೋಕೂ ಬರತ್ತೆ."

"ಬೆಳಿಗ್ಗೆ ಕೂತ್ಕೊಳ್ಳೋಕೆ ಹೋದೆ. 'ಏಳು ಕಮಲೂ, ಅದು ಅವನ ಜಾಗ' ಅಂತ ಕೈ ಹಿಡಿದು ಎಬ್ಬಿಸಿದ್ರು. ಮಗಳನ್ನ ಎಬ್ಬಿಸಬಹುದು. ಅಳಿಯನ್ನ ಏಳಿ ಅನ್ನೋಕೆ ಅಪ್ಪನಿಗೆ ಪ್ರಾಣ ಹೋದ್ರೂ ಬಾಯಿ ಬರಲ್ಲ."

ಅದು ನಿಜ. ಮೊದಲ ದಿನ ಕೈ ಅಡ್ಡ ಹಿಡಿದದ್ದು ನಾನಿನ್ನೂ ಕೂತಿರಲಿಲ್ಲವಾದ್ದರಿಂದ. ಕೂತ ಅಳಿಯನನ್ನು ಏಳಿಸುವ ಪದ್ಧತಿ ಅವರ ವಂಶದಲ್ಲೇ ಇಲ್ಲ. ಮದುವೆಯಾದ ಹೊಸತರಲ್ಲಿ ನಾನು ಅವರ ಕನ್ನಡಕದ ಮೇಲೆ ಕೂತಿದ್ದಾಗಲೂ, ಇಡೀ ಮಧ್ಯಾಹ್ನ ಅಕ್ಷರ ಕಾಣದೆ ಪೇಪರು ತಲೆಕೆಳಗಾಗಿ ಹಿಡಿದು ಕೂತಿದ್ದರೇ ಹೊರತು ಏಳಿ ಎನ್ನಲಿಲ್ಲ. ಅಳಿಯತನದಿಂದ ನನಗೆ ಇಷ್ಟು ಕಾಲ ಹೋಳಿಗೆ, ಹಬ್ಬದ ಪಂಚೆ ಇಷ್ಟೇ ಸಿಕ್ಕಿತ್ತು. ಈಗ ಸತ್ತವರ ಜಾಗಕ್ಕೆ ಬಡ್ತಿ ಸಿಕ್ಕಿತು.

ಹೋದೆ. ಕಣ್ಣು ಮುಚ್ಚಿಕೊಂಡು ಚಾಪೆಯ ಮೇಲೆ ಕೂತುಬಿಟ್ಟೆ. ಚಳಿಗೆ ಮನೆಯ ನೆಲವೆಲ್ಲ ಮಂಜುಗಡ್ಡೆಯ ಹಾಗಿದ್ದ ಆ ಸಂಜೆ, ಆ ಚಾಪೆ ಬೆಚ್ಚಗಿತ್ತು. ಬಸ್ಸಿನಲ್ಲಿ ಯಾರೋ ಈಗತಾನೇ ಎದ್ದುಹೋದ ಜಾಗದಲ್ಲಿ ಕೂತಾಗ ಇರುತ್ತದಲ್ಲ, ಹಾಗೆ. ಬಿಸಿ ಹಾಲಿನ ಲೋಟ ಇಟ್ಟಿದ್ದರಿಂದ ಇರಬಹುದು. ಲೋಟ ಚಾಪೆಯ ಹೊರಗಿತ್ತು, ಆದರೂ ಇರಬಹುದು. ಮಾವನವರು ಬೆಚ್ಚಿ ನನ್ನ ಕಡೆ ನೋಡಿದರು. ತುಟಿ ಅಲುಗಿತು. "ಏ..." ಎಂದರು. 'ಏಳಿ' ಎನ್ನಲಾಗದೆ ಅದನ್ನು ನುಂಗಿಕೊಂಡರು. ಅವರ ಕಣ್ಣಿನಲ್ಲಿ ಗಾಬರಿ ಹೇಗಿತ್ತೆಂದರೆ, ಹೊರಟ ಗಾಡಿಯನ್ನು ಯಾರೋ ಕಣ್ಣೆದುರಿಗೇ ತಪ್ಪಿಸಿದ ಹಾಗೆ. ನನಗೂ ಎದ್ದುಬಿಡೋಣ ಎನಿಸಿತು. ಬಾಗಿಲ ಬಳಿಯ ಟ್ರಂಕು ನೋಡಿ ಅಲ್ಲೇ ಕೂತೆ.

ನಾನು ತುಟಿ ಬಿಗಿದುಕೊಂಡು ಕೂತಿದ್ದೆ. ಕತ್ತಲಾಗುತ್ತಿದ್ದ ಮನೆಯಲ್ಲಿ "ಹ್ಹುಂ... ಹ್ಹುಂ" ಎಂದು ಕೇಳಿತು. ಮಾವನವರೇ ಇರಬೇಕು ಎಂದುಕೊಂಡೆ. ಅವರ ಕಮಾನು ತಾನಾಗಿ ತಂತಿಯ ಮೇಲೆ ಬಂತು. ಇನ್ನು ನಾನು ಬಾಯಿ ತೆರೆಯಲೇಬೇಕು. ನಾನು ತೆರೆಯದಿದ್ದರೆ ಬೇರೆ ಯಾರಾದರೂ ತೆರೆದಾರು ಎಂಬ ಭಯಕ್ಕೆ, ಕಮಲ ದಿನಾ ಬೆಳಿಗ್ಗೆ ಬೀದಿಯ ಹೆಣ್ಣುಮಕ್ಕಳಿಗೆ ಹೇಳಿಕೊಡುವ ಸರಳೆಯನ್ನೇ ಹಿಡಿದೆ. "ಸ... ರಿ... ಗ... ಮ..."

ಸ ಒಂದು ಕಡೆ ಬಿತ್ತು. ರಿ ಅದಕ್ಕೆ ಸಂಬಂಧವೇ ಇಲ್ಲದ ಕಡೆ. ಗ ಎಲ್ಲಿ ಹೋಯಿತೋ ನನಗೂ ಗೊತ್ತಿಲ್ಲ. ಆದರೆ ನನ್ನ ಎಡಕ್ಕೆ, ಗೇಣುದ್ದ ಹಿಂದೆ, ಪಿಟೀಲು ಹೊರಟಿತು. ಕೂದಲೆಳೆಯಷ್ಟು ತಡವಾಗಿ ನನ್ನ ಒಂದೊಂದು ತಪ್ಪನ್ನೂ ಮುಟ್ಟಿ, ಸವರಿ, ಅದು ತಪ್ಪೇ ಅಲ್ಲ ಎನ್ನುವಂತೆ ಮುಚ್ಚುತ್ತಾ ಬಂತು. ಬೇಕೆಂದು ಬಂದದ್ದಲ್ಲ, ಹಾಡುವವರ ಜಾಗದಿಂದ ದನಿ ಬಂದ ಮೇಲೆ ಆ ಕೈ ಸುಮ್ಮನಿರಲಾರದು. ಅಯ್ಯೋ, ಆ ಸುಖವನ್ನು ಹೇಗೆ ಹೇಳಲಿ! ಕಚೇರಿಯಲ್ಲಿ ಜವಾನನೂ ನನ್ನ ಹಿಂದೆ ಬರುವುದಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಅನುಸರಿಸುತ್ತಿದ್ದರು. ಹೆದರಿಕೆ ಮರೆತೇಹೋಯಿತು. ಮೇಲಿನ ಷಡ್ಜಕ್ಕೇ ಕೈ ಹಾಕಿದೆ. ಗಂಟಲು ಬಿರಿದು ಕೋಳಿ ಕೂಗಿದಂತಾಯಿತು. ಪಿಟೀಲೂ ಧರ್ಮಬದ್ಧವಾಗಿ ಕೋಳಿಯಂತೆ ಕೂಗಿತು.

ಕಮಾನು ಕೆಳಗೆ ಬಿತ್ತು. "ಸಾಕು ಮಾಡಿ ಅಳಿಯಂದಿರೇ! ದಮ್ಮಯ್ಯ, ಸಾಕು!" ಎಂದು ಮಾವನವರು ವಸ್ತ್ರ ತೆಗೆದು ಎರಡೂ ಕಿವಿಗೆ ಸುತ್ತಿಕೊಂಡರು. ಸುತ್ತಿಕೊಂಡು ನಗತೊಡಗಿದರು. ನಕ್ಕು ನಕ್ಕು, ಆ ನಗು ಅಳುವಾಗಿ, ಪಿಟೀಲನ್ನು ಎದೆಗೆ ಒತ್ತಿಕೊಂಡು ಎಷ್ಟೋ ಹೊತ್ತು ಅತ್ತರು. ಕಮಲ ಬಂದು ಅವರ ಬೆನ್ನು ಸವರುತ್ತಾ ಕೂತಳು. ಕೊನೆಗೆ ಅವರು ಮೂಗು ಒರೆಸಿಕೊಂಡು ಸುತ್ತಲೂ ನೋಡಿ, "ಹೋದ" ಎಂದರು. "ನಂಜಣ್ಣ ಎದ್ದು ಹೋದ. ನನ್ನ ಬಿಟ್ಟು ಹೋಗಲ್ಲ ಅಂದಿದ್ದ. ನಿಮ್ಮ ಹಾಡಿಗೆ ತಡೆಯಲಾರದೆ ಹೋಗಿಬಿಟ್ಟ."

ಕಮಲ ನನ್ನ ಕಡೆ ನೋಡಿದ ನೋಟದಲ್ಲಿ ಎಷ್ಟು ಪ್ರೀತಿ ಇತ್ತೆಂದರೆ, ಆ ಮಾತಿನ ಅವಮಾನವನ್ನು ನಾನು ಅಲ್ಲೇ ಮರೆತೆ. ಅವಳು ಆ ಸಂಜೆಯೇ ಟ್ರಂಕು ಬಿಚ್ಚಿ ಬಟ್ಟೆಗಳನ್ನು ಬೀರುವಿಗೆ ಸೇರಿಸಿದಳು. ಮಾವನವರು ಆ ಸಲದ ರಾಮನವಮಿಗೆ ಒಬ್ಬ ಹೊಸ ಹಾಡುಗಾರನ ಎಡಕ್ಕೆ, ಗೇಣುದ್ದ ಹಿಂದೆ ಕೂತು ಪಿಟೀಲು ನುಡಿಸಿದರು. ಆಮೇಲೂ ಬಹಳ ವರ್ಷ ನುಡಿಸಿದರು. ಜಪಾನಿನ ಪ್ಲೇಟುಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟೆವು. ಇಡುವಾಗ ನನ್ನ ಸೊಂಟ ತಾನಾಗಿ ಬಗ್ಗಿತು. ಅಟ್ಟದ ಬಾಗಿಲು ಗಿಡ್ಡ ಎಂದು ನಾನು ಕಮಲನಿಗೆ ಹೇಳಿದೆ.

ಆದರೆ ಅದೇ ಶುಕ್ರವಾರದ ಊಟದ ಹೊತ್ತಿನ ಒಂದು ಮಾತು ಉಳಿದಿದೆ. ಮಾವನವರು ಎಷ್ಟೋ ದಿನದ ಮೇಲೆ ಎರಡನೆಯ ಸಲ ಸಾರನ್ನ ಹಾಕಿಸಿಕೊಂಡು, ಯಾರೂ ಕೇಳದಿದ್ದರೂ ತಾವೇ ಶುರುಮಾಡಿದರು. "ಶ್ರುತಿ ಇಲ್ಲ. ತಾಳ ಇಲ್ಲ. ಸ್ವರಸ್ಥಾನ ಅಂತೂ ದೇವರಿಗೇ ಪ್ರೀತಿ. ಆದರೆ ಒಂದು ಮಾತು ಹೇಳಲೇಬೇಕು ಅಳಿಯಂದಿರೇ. ಎತ್ಕೊಳ್ಳೋ ಮುಂಚೆ ಎರಡು ಸಲ ಗಂಟಲು ಸರಿಮಾಡ್ಕೊಂಡ್ರಲ್ಲ, ಅದು ಮಾತ್ರ ಭೇಷ್! ಥೇಟ್ ನಂಜಣ್ಣ."

ನಾನು ತುತ್ತು ಹಿಡಿದುಕೊಂಡು ಹಾಗೇ ಕೂತೆ. ಬಡಿಸುತ್ತಿದ್ದ ಕಮಲನ ಸೌಟು ಗಾಳಿಯಲ್ಲೇ ನಿಂತಿತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆ 'ಹ್ಹುಂ' ಅಂದದ್ದು ಅವಳಲ್ಲ, ನಾನೂ ಅಲ್ಲ; ಮಾವನವರೂ ಅಲ್ಲ ಎಂದು ಈಗ ತಿಳಿಯಿತು. ನಾನು ಬಾಯಿ ತೆರೆಯುವ ಮೊದಲೇ ಅವಳ ಕಾಲಿನ ಹೆಬ್ಬೆರಳು ನನ್ನ ಮಂಡಿಯನ್ನು ಬಲವಾಗಿ ಒತ್ತಿತು.

"ಏನೋ, ನಿಮ್ಮ ಆಶೀರ್ವಾದ ಮಾವ" ಎಂದೆ.

ಆ ಮನೆಯಲ್ಲಿ ನನ್ನ ಸಂಗೀತಕ್ಕೆ ಸಿಕ್ಕಿದ ಮೆಚ್ಚುಗೆ ಅದೊಂದೇ. ಅದೂ ನನ್ನದಲ್ಲ ಎಂದು ಗೊತ್ತಿದ್ದೂ ಇಟ್ಟುಕೊಂಡಿದ್ದೇನೆ. ಅದು ಯಾರದೋ, ಅವರು ವಾಪಸ್ಸು ಕೇಳಿಕೊಂಡು ಬರದಿದ್ದರೆ ಸಾಕು.